ಹಾಲ್‌ನಲ್ಲಿ ಅಕ್ವೇರಿಯಂ, ಹಾಲ್‌ನಲ್ಲೇ ನಿದ್ದೆ: ಓವರ್‌ಫ್ಲೋ ಶಬ್ದ ಇಳಿಸಿದ ಒಂದು ಪ್ರಕರಣ

ಮುಂಬೈ ಕಡೆಯ ಒಂದು ಬೆಡ್‌ರೂಮಿನ ಫ್ಲ್ಯಾಟ್‌ಗಳಲ್ಲಿ ಹಗಲು ಹಾಲ್ ಆಗಿರುವ ಜಾಗ ರಾತ್ರಿ ಯಾರದ್ದಾದರೂ ಮಲಗುವ ಕೋಣೆ ಆಗಿರುತ್ತದೆ. ಅಕ್ವೇರಿಯಂ ಇಡುವುದಕ್ಕೂ ಅದೊಂದೇ ಜಾಗ. ಆದ್ದರಿಂದ ಟ್ಯಾಂಕಿನ ಶಬ್ದ ಅನ್ನುವುದು ಇಲ್ಲಿ ನೇರವಾಗಿ ಮನೆಯವರ ನಿದ್ದೆಯ ಪ್ರಶ್ನೆ. ಎಷ್ಟೋ ಮನೆಗಳಲ್ಲಿ ಇದೇ ಕಾರಣಕ್ಕೆ ಒಳ್ಳೆಯ ಟ್ಯಾಂಕುಗಳು ಮಾರಿಹೋಗಿವೆ, ಇಲ್ಲವೇ ರಾತ್ರಿಯಿಡೀ ಬಂದ್ ಆಗಿ ಮೀನು ಸತ್ತಿವೆ. ಎರಡೂ ಬೇಕಿಲ್ಲ. ಡೊಂಬಿವಲಿಯ ಒಂದು ಮನೆಯ ಪ್ರಕರಣವನ್ನು ಪೂರ್ತಿ ವಿವರವಾಗಿ ಬರೆಯುತ್ತಿರುವುದು ಅದಕ್ಕೇ.

ಮನೆ ಮತ್ತು ಟ್ಯಾಂಕ್

ಮನೆ ನನ್ನ ಗೆಳೆಯನದ್ದು. ಮೂಲ ಕುಂದಾಪುರ. ಅವನ ಅಪ್ಪಯ್ಯ ಜೀವನವಿಡೀ ಮಾಟುಂಗಾ ಕಡೆ ಹೋಟೆಲ್ ಕೆಲಸ ಮಾಡಿ ಈಗ ಮನೆಯಲ್ಲಿದ್ದಾರೆ. ಅವರು ಮಲಗುವುದು ಹಾಲ್‌ನ ದಿವಾನದ ಮೇಲೆ. ದಿವಾನದಿಂದ ಟ್ಯಾಂಕಿಗೆ ಎರಡು ಮೀಟರ್ ಕೂಡ ಇಲ್ಲ.

ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕದಲ್ಲಿ 240 ಲೀಟರ್. ಮರಳು, ಕಲ್ಲು, ಗಿಡ ಕಳೆದರೆ ನೀರು ಸುಮಾರು 210 ಲೀಟರ್. ಒಳಗೆ ಒಂದು ಗುಂಪು ಡೆನಿಸನ್ ಬಾರ್ಬ್, ಅಂದರೆ ಅಂಗಡಿಯವರು ಮಿಸ್ ಕೇರಳ ಅಂತ ಕರೆಯುವ ಮೀನು. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಓಡುವ ನೀರಿನಲ್ಲಿ ಬದುಕುವ ಜಾತಿ. ಅದಕ್ಕೆ ಆಮ್ಲಜನಕ ಜಾಸ್ತಿ ಬೇಕು, ನೀರಿಗೆ ಸೆಳೆತವೂ ಬೇಕು. ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಶಬ್ದ ಬರುತ್ತದೆ ಅಂತ ಪಂಪು ನಿಲ್ಲಿಸುವುದು ಈ ಮೀನಿಗೆ ಆಗುವುದಿಲ್ಲ.

ಟ್ಯಾಂಕಿನ ಒಂದು ಮೂಲೆಯಲ್ಲಿ ಕಪ್ಪು ಗಾಜಿನ ಓವರ್‌ಫ್ಲೋ ಬಾಕ್ಸ್. ಮೇಲಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲು. ಮೇಲ್ಪದರದ ನೀರು ಆ ಸಂದುಗಳ ಮೂಲಕ ಬಾಕ್ಸಿನೊಳಗೆ ಬೀಳುತ್ತದೆ. ಬಾಕ್ಸಿನ ತಳದಲ್ಲಿ ಎರಡು ತೂತು. 1 ಇಂಚಿನ ತೂತಿನಿಂದ ನೀರು ಕೆಳಗೆ ಕ್ಯಾಬಿನೆಟ್‌ನಲ್ಲಿರುವ ಸಂಪ್‌ಗೆ, ಅಂದರೆ ಫಿಲ್ಟರ್ ಇರುವ ಎರಡನೇ ಟ್ಯಾಂಕಿಗೆ ಇಳಿಯುತ್ತದೆ. ಮುಕ್ಕಾಲು ಇಂಚಿನ ತೂತಿನಿಂದ ಪಂಪು ಆ ನೀರನ್ನು ವಾಪಸ್ ಮೇಲೆ ಕಳಿಸುತ್ತದೆ. ನಮ್ಮಲ್ಲಿ ರೆಡಿಮೇಡ್ ಸಿಗುವ ಟ್ಯಾಂಕುಗಳಲ್ಲಿ ಇದೇ ಸಾಮಾನ್ಯ ಜೋಡಣೆ.

ದೂರು ಎರಡು ಥರದ್ದಿತ್ತು. ದಿನವಿಡೀ ಒಂದು ಜಲಪಾತದ ಸದ್ದು. ಅದರ ಮೇಲೆ, ಒಂದೆರಡು ನಿಮಿಷಕ್ಕೊಮ್ಮೆ ಟಾಯ್ಲೆಟ್ ಫ್ಲಶ್ ಮಾಡಿದ ಹಾಗೆ ಗೊಳ್ ಅಂತ ಎಳೆಯುವ ಸದ್ದು. ಅಪ್ಪಯ್ಯನಿಗೆ ಮೊದಲನೆಯದಕ್ಕಿಂತ ಎರಡನೆಯದೇ ಕಷ್ಟ. "ಅದನ್ ಒಂದ್ ಬಂದ್ ಮಾಡ್ ಮಾರಾಯ, ಕಣ್ಣ್ ಹತ್ತುಕೇ ಬಿಡುದಿಲ್ಲೆ" ಅಂತ ಮಗನಿಗೆ ಹೇಳುತ್ತಿದ್ದರಂತೆ. ಅವರು ಹೇಳಿದ್ದು ಸರಿಯಾಗಿಯೇ ಇದೆ. ವಿಶ್ವ ಆರೋಗ್ಯ ಸಂಸ್ಥೆ 1999ರ ತನ್ನ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಯೊಳಗೆ ಒಂದೇ ಸಮನೆ ಇರುವ ಶಬ್ದಕ್ಕೆ 30 ಡೆಸಿಬಲ್ ಅಂತಲೂ, ಬಿಟ್ಟು ಬಿಟ್ಟು ಬರುವ ಶಬ್ದಕ್ಕೆ 45 ಡೆಸಿಬಲ್ ಅಂತಲೂ ಬೇರೆ ಬೇರೆ ಮಿತಿ ಹಾಕಿದೆ. ಒಂದೇ ಸಮನೆಯ ಸದ್ದಿಗೆ ಕಿವಿ ಒಗ್ಗುತ್ತದೆ. ಬಿಟ್ಟು ಬಿಟ್ಟು ಬರುವುದು ಎಬ್ಬಿಸುತ್ತದೆ.

ಪ್ಲಂಬರ್ ಒಬ್ಬರನ್ನು ಕರೆಸಿಯಾಗಿತ್ತು. "ಪಾನಿ ಹೈ, ಆವಾಜ್ ತೋ ಆಯೇಗಾ ಹೀ" (ನೀರಂದ ಮೇಲೆ ಸದ್ದು ಬಂದೇ ಬರುತ್ತದೆ) ಅಂದು ಹೋಗಿದ್ದರು. ಆಮೇಲೆ ಮನೆಯವರೇ ಬಾಕ್ಸಿನೊಳಗೆ ದಪ್ಪ ಸ್ಪಂಜು ತುರುಕಿದ್ದರು. ಸದ್ದು ಕಡಿಮೆ ಆಗಿತ್ತು, ನಿಜ. ಆದರೆ ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಸ್ಪಂಜಿಗೆ ಕಸ ಕಟ್ಟಿಕೊಂಡರೆ, ಅಥವಾ ಅದು ಜಾರಿ ಪೈಪಿನ ಬಾಯಿಗೆ ಕೂತರೆ, ಕೆಳಗೆ ಇಳಿಯುವ ದಾರಿ ಮುಚ್ಚುತ್ತದೆ. ಪಂಪಿಗೆ ಅದು ಗೊತ್ತಾಗುವುದಿಲ್ಲ, ಅದು ನೀರು ಎತ್ತುತ್ತಲೇ ಇರುತ್ತದೆ. ಸಂಪ್ ಖಾಲಿಯಾಗುವ ತನಕ ನೀರು ಹಾಲ್‌ನ ನೆಲಕ್ಕೆ, ಅಲ್ಲಿಂದ ಕೆಳಗಿನ ಮನೆಯ ಸೀಲಿಂಗಿಗೆ ಹೋಗುತ್ತದೆ. ಮೊದಲು ಮಾಡಿದ ಕೆಲಸ ಆ ಸ್ಪಂಜು ತೆಗೆದದ್ದು.

ಶಬ್ದ ಎಲ್ಲಿಂದ ಬರುತ್ತದೆ

ಈ ಭಾಗ ಅರ್ಥವಾದರೆ ಉಳಿದದ್ದು ಸುಲಭ. ಪೈಪಿನಲ್ಲಿ ತುಂಬಿ ಹರಿಯುವ ನೀರು ಹೆಚ್ಚು ಕಡಿಮೆ ಸದ್ದೇ ಮಾಡುವುದಿಲ್ಲ. ಮನೆಯ ನಲ್ಲಿಗೆ ಬರುವ ಪೈಪ್ ಗೋಡೆಯೊಳಗೆ ಗೊಳಗುಟ್ಟುವುದಿಲ್ಲ ಅಲ್ವಾ. ಸದ್ದು ಬರುವುದು ನೀರಿನ ಜೊತೆ ಗಾಳಿ ಸೇರಿದಾಗ.

1933ರಲ್ಲಿ ಮಾರ್ಸೆಲ್ ಮಿನ್ನಾರ್ಟ್ ಎಂಬ ಡಚ್ ಖಗೋಳ ವಿಜ್ಞಾನಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ನೀರಿನೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆ ಹಿಗ್ಗಿ ಕುಗ್ಗಿ ಕಂಪಿಸುತ್ತದೆ, ಆ ಕಂಪನವೇ ಹರಿಯುವ ನೀರಿನ ದನಿ. ಗುಳ್ಳೆ ಸಣ್ಣದಾದಷ್ಟು ದನಿ ತೆಳು. 1 ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಸಲ ಕಂಪಿಸುತ್ತದೆ, 3 ಮಿಲಿಮೀಟರಿನದ್ದು ಸುಮಾರು 1,100 ಸಲ. ಎರಡೂ ನಮ್ಮ ಕಿವಿ ಚೆನ್ನಾಗಿ ಹಿಡಿಯುವ ಸ್ವರಗಳೇ. 2018ರಲ್ಲಿ ಕೇಂಬ್ರಿಜ್‌ನ ಅನುರಾಗ್ ಅಗರ್‌ವಾಲ್ ಮತ್ತು ಜೊತೆಗಾರರು ತೊಟ್ಟಿಕ್ಕುವ ನಲ್ಲಿಯ ಪ್ಲಿಂಕ್ ಸದ್ದನ್ನು ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದರು. ಅಲ್ಲಿಯೂ ಸದ್ದಿನ ಮೂಲ ಹನಿಯ ಏಟಲ್ಲ, ಹನಿ ಬಿದ್ದಲ್ಲಿ ನೀರಿನಡಿ ಸಿಕ್ಕಿಕೊಳ್ಳುವ ಪುಟ್ಟ ಗುಳ್ಳೆ. ಪಾತ್ರೆಗೆ ಸ್ವಲ್ಪ ಸೋಪು ಹಾಕಿದರೆ ಸದ್ದು ನಿಲ್ಲುತ್ತದೆ ಅಂತಲೂ ಅವರು ತೋರಿಸಿದರು. ಮೀನಿನ ಟ್ಯಾಂಕಿಗೆ ಸೋಪು ಹಾಕುವಂತಿಲ್ಲ. ಆದರೆ ದಾರಿ ಅಲ್ಲಿಂದಲೇ ಸಿಕ್ಕಿತು: ನೀರನ್ನೂ ಗಾಳಿಯನ್ನೂ ಬೇರೆ ಬೇರೆ ಮಾಡಬೇಕು.

ರಾತ್ರಿ ಫ್ಯಾನ್ ಬಂದ್ ಮಾಡಿ, ಒಂದು ತುಂಡು ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗೆ ಇಟ್ಟು, ಇನ್ನೊಂದು ತುದಿಯನ್ನು ಮೇಲಿಂದ ಕೆಳಗಿನ ತನಕ ಒಂದೊಂದೇ ಜಾಗಕ್ಕೆ ಹಿಡಿದು ಕೇಳಿದೆವು. ಒಂದೇ ಅಂದುಕೊಂಡಿದ್ದ ಶಬ್ದ ನಾಲ್ಕಾಗಿ ಬಿಡಿಬಿಡಿಯಾಯಿತು.

ಬಾಕ್ಸಿನೊಳಗಿನ ಪೈಪ್ ಗಿಡ್ಡವಾಗಿತ್ತು. ಹಾಗಾಗಿ ಬಾಕ್ಸಿನ ನೀರಿನ ಮಟ್ಟ ತುಂಬ ಕೆಳಗೆ, ಹಲ್ಲುಗಳ ಸಂದಿನಿಂದ ನೀರು ಹತ್ತಿರ ಹತ್ತಿರ ಒಂದು ಅಡಿ ಕೆಳಗೆ ಬೀಳುತ್ತಿತ್ತು. ಜಲಪಾತದ ಸದ್ದು ಇದು.

ಪೈಪಿನ ಬಾಯಿ ಮೇಲ್ಮುಖವಾಗಿ ತೆರೆದಿತ್ತು. ನೀರಿನ ಜೊತೆ ಗಾಳಿಯನ್ನೂ ನುಂಗುತ್ತಿತ್ತು. ಫ್ಲಶ್ ಸದ್ದಿನ ಗುಟ್ಟು ಇಲ್ಲಿದೆ. ತುಂಬಿದ ಬಾಟಲಿಯನ್ನು ಬುಡಮೇಲು ಮಾಡಿದರೆ ಒಂದೇ ಬಾಯಿಯಲ್ಲಿ ನೀರು ಹೊರಗೆ, ಗಾಳಿ ಒಳಗೆ ಅಂತ ಗುಳುಗುಳು ಮಾಡುತ್ತದಲ್ಲ, ಪೈಪಿನ ಬಾಯಲ್ಲೂ ಅದೇ ಜಗ್ಗಾಟ. ಒಮ್ಮೊಮ್ಮೆ ಪೈಪ್ ಪೂರ್ತಿ ನೀರು ತುಂಬಿಕೊಂಡು ಸೈಫನ್ ಶುರುವಾಗುತ್ತದೆ, ಅಂದರೆ ಕೆಳಗೆ ಇಳಿಯುವ ನೀರು ಮೇಲಿನ ನೀರನ್ನು ತಾನೇ ಎಳೆದುಕೊಳ್ಳುತ್ತದೆ. ಸೈಫನ್ ಆದಾಗ ಪೈಪ್ ಎಳೆಯುವ ನೀರು ಪಂಪು ಕೊಡುವುದಕ್ಕಿಂತ ಎಷ್ಟೋ ಜಾಸ್ತಿ. ಬಾಕ್ಸಿನ ಮಟ್ಟ ಸರ್ರನೆ ಇಳಿದು ಬಾಯಿ ತೆರೆದುಕೊಳ್ಳುತ್ತದೆ, ಗೊಳ್ ಅಂತ ಗಾಳಿ ನುಗ್ಗುತ್ತದೆ, ಸೈಫನ್ ಮುರಿಯುತ್ತದೆ. ಮತ್ತೆ ಮಟ್ಟ ಏರುತ್ತದೆ, ಮತ್ತೆ ಅದೇ ಕಥೆ.

ಮೂರನೆಯದು ಕೆಳಗೆ ಸಂಪ್‌ನಲ್ಲಿ. ಪೈಪಿನ ತುದಿ ನೀರಿಗೆ ಆಳವಾಗಿ ಇಳಿದಿತ್ತು. ಮೇಲೆ ನುಂಗಿದ ಗಾಳಿ ಇಲ್ಲಿ ದೊಡ್ಡ ದೊಡ್ಡ ಗುಳ್ಳೆಯಾಗಿ ತೇಗುತ್ತಿತ್ತು. ನಾಲ್ಕನೆಯದು ಪಂಪಿನ ಗುಂಯ್. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಎಸಿ ಪಂಪಿನ ಗುಂಯ್ ಸಾಮಾನ್ಯವಾಗಿ ಅದರ ಎರಡರಷ್ಟು, 100 ಹರ್ಟ್ಸ್. ಪಂಪು ಗಾಜಿಗೆ ತಾಗಿಕೊಂಡಿತ್ತು, ಗಾಜು ಪ್ಲೈವುಡ್ಡಿಗೆ, ಪ್ಲೈವುಡ್ ಗೋಡೆಗೆ.

ಮೊದಲ ಹಂತ

ಪಂಪು ಗಂಟೆಗೆ 3,000 ಲೀಟರ್‌ನದ್ದು ಅಂತ ಡಬ್ಬದ ಮೇಲೆ ಬರೆದಿತ್ತು. ಅದು ನೀರನ್ನು ಸ್ವಲ್ಪವೂ ಮೇಲೆತ್ತದೆ ಇದ್ದಾಗಿನ ಲೆಕ್ಕ. ನಿಜವಾಗಿ ಎಷ್ಟು ಬರುತ್ತದೆ ಅಂತ ನೋಡಲು ಬಕೆಟ್ ಸಾಕು. ರಿಟರ್ನ್ ಪೈಪನ್ನು, ಅಂದರೆ ಪಂಪಿನಿಂದ ನೀರು ವಾಪಸ್ ಮೇಲೆ ಹೋಗುವ ಪೈಪನ್ನು, ಅದೇ ಎತ್ತರದಲ್ಲಿ 10 ಲೀಟರ್ ಬಕೆಟ್‌ಗೆ ಬಿಡಿ, ತುಂಬಲು ಎಷ್ಟು ಸೆಕೆಂಡ್ ಅಂತ ನೋಡಿ, 36,000ವನ್ನು ಆ ಸೆಕೆಂಡಿನಿಂದ ಭಾಗಿಸಿ. ಇಲ್ಲಿ 18 ಸೆಕೆಂಡ್ ಬಂತು, ಅಂದರೆ ಗಂಟೆಗೆ 2,000 ಲೀಟರ್. ಟ್ಯಾಂಕಿನ ನೀರೆಲ್ಲ ಗಂಟೆಗೆ ಒಂಬತ್ತೂವರೆ ಸಲ ಸಂಪ್ ಸುತ್ತಿ ಬಂದಂತೆ. ಸಿಹಿನೀರಿನ ಟ್ಯಾಂಕಿಗೆ ಫಿಲ್ಟರ್ ಮೂಲಕ ಐದಾರು ಸಲ ಹೋದರೆ ಧಾರಾಳವಾಯಿತು. ಪಂಪಿನ ಮುಂದೆ ವಾಲ್ವ್ ಹಾಕಿ 28 ಸೆಕೆಂಡಿಗೆ ಇಳಿಸಿದೆವು, ಅಂದರೆ ಗಂಟೆಗೆ ಹೆಚ್ಚು ಕಡಿಮೆ 1,300 ಲೀಟರ್. ಪಂಪು ನೀರನ್ನು ದೂಡುವ ಬದಿಗೆ ವಾಲ್ವ್ ಹಾಕಬಹುದು, ಎಳೆಯುವ ಬದಿಗೆ ಹಾಕಬಾರದು. ಬಾರ್ಬ್‌ಗಳಿಗೆ ಬೇಕಾದ ಸೆಳೆತಕ್ಕೆ ಟ್ಯಾಂಕಿನೊಳಗೇ ಒಂದು ಸಣ್ಣ ವೇವ್‌ಮೇಕರ್, ಅಂದರೆ ನೀರನ್ನು ತಳ್ಳಿ ಸೆಳೆತ ಹುಟ್ಟಿಸುವ ಸಾಧನ ಇಟ್ಟೆವು. ಅದು ನೀರೊಳಗೇ ಇರುವುದರಿಂದ ಗಾಳಿ ಸೇರುವುದಿಲ್ಲ, ಸದ್ದಿಲ್ಲ.

ಇದರ ಜೊತೆ ನೀರು ಕೆಳಗಿಳಿಯುವ ಡ್ರೈನ್ ಪೈಪಿಗೆ, ಹವ್ಯಾಸಿಗಳು ಡರ್ಸೊ ಅನ್ನುವ ತಲೆ ಕೂರಿಸಿದೆವು. ಪೈಪನ್ನು ಎತ್ತರಿಸಿ, ಮೇಲೆ T ಆಕಾರದ ಒಂದು ಪೈಪ್ ಜೋಡು, ಅದರ ಪಕ್ಕದ ಕೈಗೆ ಕೆಳಮುಖವಾಗಿ ಬಾಗಿದ ಎಲ್ಬೋ, ತಲೆಗೆ ಒಂದು ಮುಚ್ಚಳ, ಮುಚ್ಚಳಕ್ಕೆ ಸಣ್ಣ ತೂತು. ನೀರು ಬಾಗಿದ ಬಾಯಿಯಿಂದ ನೀರಿನಡಿಯಲ್ಲೇ ಒಳಗೆ ಹೋಗುತ್ತದೆ, ಗಾಳಿ ಮೇಲಿನ ತೂತಿನಿಂದ. ಇಬ್ಬರಿಗೂ ಬೇರೆ ಬೇರೆ ಬಾಗಿಲು ಆದ್ದರಿಂದ ಜಗ್ಗಾಟ ಇಲ್ಲ. ತೂತಿಗೆ ಏರ್ ಟ್ಯೂಬಿನ ಪುಟ್ಟ ವಾಲ್ವ್ ಹಾಕಿದರೆ ಹೊಂದಿಸಲು ಸುಲಭ. ತೀರಾ ಮುಚ್ಚಿದರೆ ಫ್ಲಶ್ ವಾಪಸ್ ಬರುತ್ತದೆ, ತೀರಾ ತೆರೆದರೆ ಸುಸ್ಸ್ ಅನ್ನುತ್ತದೆ.

ಫ್ಲಶ್ ಸದ್ದು ಅಂದೇ ನಿಂತಿತು. ಬಾಕ್ಸಿನ ಮಟ್ಟ ಮೇಲೆ ಬಂದದ್ದರಿಂದ ಜಲಪಾತವೂ ಇಳಿಯಿತು. ತುಂಬ ಮನೆಗಳಿಗೆ ಇಷ್ಟೇ ಸಾಕು, ಇಲ್ಲಿಗೇ ನಿಲ್ಲಿಸಬಹುದು. ಆದರೆ ಈ ಜೋಡಣೆಯಲ್ಲೂ ಪೈಪಿನೊಳಗೆ ನೀರು ಗಾಳಿ ಎರಡೂ ಒಟ್ಟಿಗೇ ಇಳಿಯುತ್ತವೆ, ಸಂಪ್‌ನಲ್ಲಿ ಗುಳ್ಳೆ ಒಡೆಯುತ್ತಲೇ ಇರುತ್ತದೆ. ಬೆಡ್‌ರೂಮಿನಲ್ಲಿ ಮಲಗುವ ಗೆಳೆಯನಿಗೆ ಅದು ಕೇಳಲೇ ಇಲ್ಲ. ಹಾಲ್‌ನಲ್ಲಿ ಮಲಗುವ ಅಪ್ಪಯ್ಯನಿಗೆ ಕೇಳುತ್ತಿತ್ತು. ಅಲ್ಲಿ ಮಲಗುವವರ ಕಿವಿಯೇ ಅಳತೆ ಆಗಬೇಕು ಅಂತ ನನ್ನ ಅಭಿಪ್ರಾಯ.

ಎರಡು ಪೈಪಿನ ಜೋಡಣೆ

ಪೈಪಿನಿಂದ ಗಾಳಿಯನ್ನು ಪೂರ್ತಿ ಹೊರಗಿಡುವುದು ಮುಂದಿನ ಹೆಜ್ಜೆ. ಹವ್ಯಾಸಿಗಳು ಇದನ್ನು ಹರ್ಬಿ ಓವರ್‌ಫ್ಲೋ ಅನ್ನುತ್ತಾರೆ. ಒಂದು ಪೈಪ್ ಯಾವಾಗಲೂ ನೀರು ತುಂಬಿಕೊಂಡು ಸೈಫನ್ ಆಗಿಯೇ ಓಡುತ್ತದೆ, ಅದಕ್ಕೊಂದು ವಾಲ್ವ್. ಇನ್ನೊಂದು ಪೈಪ್ ಆಪತ್ತಿಗೆ. ಮೂರು ಪೈಪಿನ ಬೀನ್ ಅನಿಮಲ್ ಜೋಡಣೆ ಇದಕ್ಕಿಂತಲೂ ಭದ್ರ. ಅದರಲ್ಲಿ ಆಪತ್ತಿನ ಪೈಪ್ ಪೂರ್ತಿ ಒಣಗಿಯೇ ಇರುತ್ತದೆ. ಆದರೆ ಇಲ್ಲಿದ್ದದ್ದು ಎರಡೇ ತೂತು. ತುಂಬಿದ ಟ್ಯಾಂಕಿಗೆ ಹೊಸ ತೂತು ಕೊರೆಯುವ ಮಾತೇ ಇಲ್ಲ. ಟಫನ್ಡ್ ಗಾಜಾಗಿದ್ದರೆ ಕೊರೆಯಲು ಹೋದರೆ ಪುಡಿಪುಡಿಯಾಗುತ್ತದೆ.

ಹಾಗಾಗಿ ಇದ್ದ ಎರಡನ್ನೇ ಬದಲಾಯಿಸಿದೆವು. 1 ಇಂಚಿನದ್ದು ಸೈಫನ್. ರಿಟರ್ನ್ ಇದ್ದ ಮುಕ್ಕಾಲು ಇಂಚಿನದ್ದು ಆಪತ್ತಿನ ಪೈಪ್. ರಿಟರ್ನ್ ನೀರನ್ನು ಹಿಂಬದಿಯಿಂದ ಟ್ಯಾಂಕಿನ ಅಂಚು ಹತ್ತಿಸಿ ಮೇಲಿನಿಂದ ತಂದೆವು.

ಸಾಮಾನು ಸಿಕ್ಕಿದ್ದು ಮಸ್ಜಿದ್ ಬಂದರ್ ಸ್ಟೇಷನ್ ಹತ್ತಿರದ ನಾಗದೇವಿ ಸ್ಟ್ರೀಟ್‌ನಲ್ಲಿ. ಗೆಳೆಯನ ಆಫೀಸ್ ಫೋರ್ಟ್ ಕಡೆ ಇರುವುದರಿಂದ ಅವನಿಗೆ ದಾರಿಯಲ್ಲೇ ಆಯಿತು. ಗೇಟ್ ವಾಲ್ವ್ ಕೇಳಿದರೆ ಸಾಮಾನ್ಯವಾಗಿ ಹಿತ್ತಾಳೆಯದ್ದು ಕೊಡುತ್ತಾರೆ. ಅದು ಬೇಡ. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ, ತಾಮ್ರ ಸೀಗಡಿ ಮತ್ತು ಬಸವನಹುಳುಗಳಿಗೆ ವಿಷ. ಪ್ಲಾಸ್ಟಿಕ್ಕಿನದ್ದೇ ಬೇಕು ಅಂತ ಹಟ ಹಿಡಿಯಬೇಕು. ಬಾಲ್ ವಾಲ್ವ್‌ನಿಂದಲೂ ಕೆಲಸ ನಡೆಯುತ್ತದೆ, ಆದರೆ ಅದನ್ನು ಕೂದಲೆಳೆಯಷ್ಟು ತಿರುಗಿಸುವುದು ಕಷ್ಟ. ಗೇಟ್ ವಾಲ್ವ್ ಸುತ್ತು ಸುತ್ತಾಗಿ ನಿಧಾನಕ್ಕೆ ಮುಚ್ಚುತ್ತದೆ.

ಸೈಫನ್ ಪೈಪಿನ ಬಾಯಿ ಬಾಕ್ಸಿನ ನೀರಿನೊಳಗೆ ಒಂದು ಗೇಣು ಆಳದಲ್ಲಿರಬೇಕು. ಮೇಲಿದ್ದರೆ ನೀರು ಸುಳಿ ಕಟ್ಟಿ ಗಾಳಿ ಎಳೆದುಕೊಳ್ಳುತ್ತದೆ. ವಾಲ್ವನ್ನು ಕೆಳಗೆ, ಕ್ಯಾಬಿನೆಟ್ ಬಾಗಿಲು ತೆರೆದರೆ ಕೈಗೆಟುಕುವಲ್ಲಿ ಹಾಕಿದೆವು. ತಿರುವುಗಳಿಗೆ 90 ಡಿಗ್ರಿ ಎಲ್ಬೋ ಬದಲು 45ರದ್ದು. ಪೈಪಿನ ಕೊನೆ ಸಂಪ್‌ನ ನೀರಿನೊಳಗೆ ಎರಡರಿಂದ ಮೂರು ಸೆಂಟಿಮೀಟರ್ ಮಾತ್ರ. ಜಾಸ್ತಿ ಆಳಕ್ಕಿಟ್ಟರೆ ಶುರುವಿನಲ್ಲಿ ಪೈಪಿನೊಳಗಿನ ಗಾಳಿ ಹೊರಗೆ ಹೋಗಲಾಗದೆ ಸೈಫನ್ ಹಿಡಿಯುವುದೇ ಇಲ್ಲ. ಸಂಪ್ ಒಳಗೆ ಅಡ್ಡಗಾಜಿನಿಂದ ಕೋಣೆಗಳಾಗಿವೆ; ಪೈಪ್ ಬೀಳುವ ಮೊದಲ ಕೋಣೆಯ ನೀರಿನ ಮಟ್ಟವನ್ನು ಅಡ್ಡಗಾಜು ಹಿಡಿದಿಡುತ್ತದೆ, ಹಾಗಾಗಿ ಈ ಅಳತೆ ದಿನದಿನಕ್ಕೆ ಬದಲಾಗುವುದಿಲ್ಲ.

ಆಪತ್ತಿನ ಪೈಪಿಗೆ ವಾಲ್ವ್ ಹಾಕಲೇಬಾರದು. ಅದರ ಬಾಯಿ ಹಲ್ಲುಗಳಿಗಿಂತ ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ, ಮೇಲ್ಮುಖವಾಗಿ ತೆರೆದಿದೆ. ಕೆಳತುದಿಯನ್ನು ಓರೆಯಾಗಿ ಕತ್ತರಿಸಿ ಸಂಪ್‌ನ ಗಾಜಿಗೆ ತಾಗಿಸಿ, ನೀರಿನಿಂದ ಸ್ವಲ್ಪ ಮೇಲೆ ನಿಲ್ಲಿಸಿದೆವು.

ಹೊಂದಿಸುವ ಕ್ರಮ ಹೀಗೆ. ವಾಲ್ವ್ ಪೂರ್ತಿ ತೆರೆದು ಪಂಪು ಶುರು ಮಾಡಿ. ಸೈಫನ್ ಹಿಡಿದ ಮೇಲೆ ವಾಲ್ವನ್ನು ಚೂರು ಚೂರೇ ಮುಚ್ಚುತ್ತ ಬನ್ನಿ. ಬಾಕ್ಸಿನ ಮಟ್ಟ ಏರುತ್ತದೆ. ಪ್ರತಿ ಸಲ ತಿರುಗಿಸಿದ ಮೇಲೆ ಕೆಲವು ನಿಮಿಷ ಕಾಯಬೇಕು, ಅವಸರ ಮಾಡಿದರೆ ಮಟ್ಟ ನಿಲ್ಲುವುದೇ ಇಲ್ಲ. ಆಪತ್ತಿನ ಪೈಪಿನ ಬಾಯಿಯ ಮೇಲೆ ತೆಳ್ಳಗೆ ಒಂದು ಎಳೆ ನೀರು ಇಳಿಯುವಂತಾದಾಗ ನಿಲ್ಲಿಸಿ. ಈ ಒಂದು ಎಳೆ ಬಹಳ ಮುಖ್ಯ. ವಾಲ್ವನ್ನು ಪಂಪಿಗೆ ಹನಿ ಹನಿಯೂ ಸಮ ಮಾಡಲು ಯಾರಿಂದಲೂ ಆಗುವುದಿಲ್ಲ. ಹೆಚ್ಚಾದ ಚೂರು ನೀರು ಎರಡನೇ ಪೈಪಿಗೆ ಹೋದರೆ ಮಟ್ಟ ತಾನಾಗಿ ನಿಲ್ಲುತ್ತದೆ. ಪೈಪಿನ ಒಳಗೋಡೆಗೆ ಅಂಟಿಕೊಂಡು, ಕೆಳಗೆ ಗಾಜಿನ ಮೇಲೆ ಜಾರುವ ಈ ನೀರಿಗೆ ಸದ್ದಿಲ್ಲ. ಆದರೆ ಸೈಫನ್ ಪೈಪಿಗೆ ಏನಾದರೂ ಸಿಕ್ಕಿಕೊಂಡು ನೀರೆಲ್ಲ ಇತ್ತ ಬಂದರೆ ಜೋರಾಗಿ ಸದ್ದಾಗುತ್ತದೆ. ಅದೇ ಮನೆಯವರಿಗೆ ಎಚ್ಚರಿಕೆ.

ನೀರು ಚೆಲ್ಲದಂತೆ ಎರಡು ಪರೀಕ್ಷೆ

ಶಬ್ದಕ್ಕಿಂತ ಇದಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಒಂದನೆಯದು: ಪಂಪು ಓಡುತ್ತಿರುವಾಗ ಸೈಫನ್ ವಾಲ್ವನ್ನು ಪೂರ್ತಿ ಮುಚ್ಚಿಬಿಡಿ. ನೀರೆಲ್ಲ ಆಪತ್ತಿನ ಪೈಪಿನಲ್ಲೇ ಇಳಿಯಬೇಕು, ಟ್ಯಾಂಕಿನ ಅಂಚು ಮುಟ್ಟಬಾರದು. ಮುಕ್ಕಾಲು ಇಂಚಿನ ಪೈಪ್ ತಾನೂ ಸೈಫನ್ ಹಿಡಿದರೆ ಗಂಟೆಗೆ 2,000 ಲೀಟರ್ ಆಸುಪಾಸು ಎಳೆಯಬಲ್ಲದು ಅಂತ ನಮ್ಮ ಲೆಕ್ಕ. ಪಂಪನ್ನು 1,300ಕ್ಕೆ ಇಳಿಸಿದ್ದರ ಇನ್ನೊಂದು ಲಾಭ ಇದು. ಲೆಕ್ಕ ನಂಬಿ ಕೂರಬಾರದು, ಕಣ್ಣಾರೆ ನೋಡಬೇಕು. ನೋಡಿದೆವು, ಮಟ್ಟ ಸ್ವಲ್ಪ ಏರಿ ನಿಂತಿತು.

ಎರಡನೆಯದು ಕರೆಂಟ್ ಹೋದಾಗಿನದ್ದು. ಪಂಪು ನಿಂತೊಡನೆ ರಿಟರ್ನ್ ಪೈಪಿನಲ್ಲಿ ನೀರು ಹಿಂದಕ್ಕೆ ಸೈಫನ್ ಆಗಿ ಇಳಿಯುತ್ತದೆ. ಅದನ್ನು ಮುರಿಯಲು ರಿಟರ್ನ್ ಪೈಪಿನಲ್ಲಿ, ನೀರಿನ ಮಟ್ಟಕ್ಕಿಂತ ಎರಡು ಸೆಂಟಿಮೀಟರ್ ಕೆಳಗೆ ಒಂದು ಸಣ್ಣ ತೂತು. ಈ ಟ್ಯಾಂಕಿನಲ್ಲಿ 1 ಸೆಂಟಿಮೀಟರ್ ಮಟ್ಟ ಅಂದರೆ 5.4 ಲೀಟರ್. ಎರಡು ಸೆಂಟಿಮೀಟರಿಗೆ ಸುಮಾರು 11. ಬಾಕ್ಸಿನೊಳಗಿನ ನೀರು 9. ಒಟ್ಟು 20 ಲೀಟರ್ ಕೆಳಗೆ ಬರುತ್ತದೆ. ಸಂಪ್‌ನಲ್ಲಿ 27 ಲೀಟರಿಗೆ ಜಾಗವಿತ್ತು. ಓಡುವಾಗಿನ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆದು, ಅದಕ್ಕಿಂತ ಮೇಲೆ ತುಂಬಬಾರದು ಅಂತ ಮನೆಯವರಿಗೆಲ್ಲ ಹೇಳಿದ್ದೇವೆ. ಆ ತೂತಿಗೆ ಪಾಚಿ ಕಟ್ಟದಂತೆ ಆಗಾಗ ಕಡ್ಡಿ ಹಾಕಿ ತೆಗೆಯಬೇಕು.

ಕರೆಂಟ್ ವಾಪಸ್ ಬಂದಾಗ ಒಂದೆರಡು ನಿಮಿಷ ಗೊರಗೊರ ಸದ್ದು ಇರುತ್ತದೆ. ಪೈಪಿನ ಗಾಳಿ ಹೊರಗೆ ಹೋದ ಮೇಲೆ ತಾನೇ ನಿಲ್ಲುತ್ತದೆ. ಇದನ್ನೂ ಅಪ್ಪಯ್ಯನಿಗೆ ಮೊದಲೇ ತೋರಿಸಿದ್ದೆವು, ರಾತ್ರಿ ಹೆದರಬಾರದು ಅಂತ.

ಫಲ

ಫೋನಿನ ಆ್ಯಪ್‌ನಿಂದ ಅಳೆದದ್ದನ್ನು ನಿಖರ ಅಂತ ಹೇಳುವಂತಿಲ್ಲ, ಮೊದಲು ಮತ್ತು ಆಮೇಲೆ ಹೋಲಿಸಲು ಮಾತ್ರ ಆಗುತ್ತದೆ. ದಿವಾನದ ತಲೆಯ ಕಡೆ, ಫ್ಯಾನ್ ಬಂದ್ ಇಟ್ಟು, ಮೊದಲು 50ರ ಆಸುಪಾಸು ತೋರಿಸುತ್ತಿತ್ತು, ಫ್ಲಶ್ ಆದಾಗ ಇನ್ನೂ ಮೇಲೆ ಹೋಗುತ್ತಿತ್ತು. ಎರಡು ಪೈಪಿನ ಜೋಡಣೆ ಆದಮೇಲೆ 35ರ ಕೆಳಗೆ ಬಂತು. ಪಂಪು ಪೂರ್ತಿ ಬಂದ್ ಮಾಡಿದರೂ ಹೊರಗಿನ ಸದ್ದಿಗೆ 32 ತೋರಿಸುತ್ತಿತ್ತು. ಅಪ್ಪಯ್ಯ ಆ್ಯಪ್ ಕಡೆ ನೋಡಲಿಲ್ಲ. "ಈಗ ಅಡ್ಡಿಲ್ಲ" ಅಂದರು.

ಸದ್ದು ಕಡಿಮೆಯಾದ ಜೊತೆಗೆ ಬೇರೆಯದೂ ಒಂದು ಬದಲಾಯಿತು. ಪೈಪಿನಲ್ಲಿ ನೀರು ಗಾಳಿ ಕಲಸಿ ಬೀಳುವಾಗ ನೀರಿಗೆ ಆಮ್ಲಜನಕವೂ ಸೇರುತ್ತಿತ್ತು. ಈಗ ಅದು ಕಡಿಮೆ. ಮುಂಬೈ ಸೆಕೆಗೆ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದು ಇನ್ನೂ ಕಡಿಮೆ. ಅದಕ್ಕೇ ವೇವ್‌ಮೇಕರನ್ನು ಸ್ವಲ್ಪ ಮೇಲ್ಮುಖ ಮಾಡಿ, ನೀರಿನ ಮೈ ಸದಾ ಅಲೆಯಾಡುವಂತೆ ಇಟ್ಟೆವು. ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಬಿಡುವವರಿಗೆ ಮಾತ್ರ ಈ ಬದಲಾವಣೆ ಲಾಭವೇ, ಅನಿಲ ಹಾರಿಹೋಗುವುದು ಕಡಿಮೆಯಾಗುತ್ತದೆ.

ನಿಭಾಯಿಸುವ ಕೆಲಸ ಸ್ವಲ್ಪ ಇದೆ. ವ್ಯಾಲಿಸ್ನೇರಿಯಾದ ಉದ್ದ ಎಲೆಗಳು ಕಿತ್ತು ಬಂದು ಜಾಲರಿಗೆ ಸುತ್ತಿಕೊಳ್ಳುತ್ತವೆ, ವಾರಕ್ಕೊಮ್ಮೆ ತೆಗೆಯಬೇಕು. ಪೈಪಿನೊಳಗೆ ಲೋಳೆ ಕಟ್ಟಿದಂತೆ ಸೈಫನ್ ಸ್ವಲ್ಪ ಕಡಿಮೆ ಎಳೆಯುತ್ತದೆ, ಎರಡನೇ ಪೈಪಿನ ಎಳೆ ದಪ್ಪಗಾಗುತ್ತದೆ. ಆಗ ವಾಲ್ವನ್ನು ಕೂದಲೆಳೆಯಷ್ಟು ತೆರೆದರೆ ಸರಿ. ನೀರು ಆವಿಯಾದಾಗ ಇಳಿಯುವುದು ಸಂಪ್‌ನ ಕೊನೆಯ ಕೋಣೆ, ಅಂದರೆ ಪಂಪು ಇರುವ ಕೋಣೆ ಮಾತ್ರ. ಅದು ತೀರಾ ಇಳಿದರೆ ಪಂಪು ಗಾಳಿ ಎಳೆದುಕೊಂಡು ಚುರಚುರ ಅನ್ನುತ್ತದೆ. ಹೊಸ ಸದ್ದು ಬಂತು ಅಂದರೆ ಮೊದಲು ಅಲ್ಲಿ ನೀರಿದೆಯಾ ಅಂತ ನೋಡಿ.

ಈಗ ಉಳಿದಿರುವುದು ಪಂಪಿನ ಸಣ್ಣ ಗುಂಯ್. ಪಂಪಿನಡಿ ದಪ್ಪ ಸ್ಪಂಜು ಇಟ್ಟು, ಗಟ್ಟಿ ಪೈಪಿಗೆ ಕೂರುವ ಮೊದಲು ಒಂದು ಗೇಣು ಸಿಲಿಕೋನ್ ಟ್ಯೂಬ್ ಹಾಕಿ, ಕ್ಯಾಬಿನೆಟ್ಟನ್ನು ಗೋಡೆಯಿಂದ ಎರಡು ಬೆರಳು ಸರಿಸಿದ ಮೇಲೆ ಅದು ಬಾಗಿಲಿಗೆ ಕಿವಿ ಇಟ್ಟರೆ ಮಾತ್ರ ಕೇಳುತ್ತದೆ. ಕ್ಯಾಬಿನೆಟ್ ಒಳಗೆ ಶಬ್ದ ಹೀರುವ ಫೋಮ್ ಹಚ್ಚುವ ಯೋಚನೆ ಗೆಳೆಯನಿಗಿತ್ತು. ನಾನು ಬೇಡ ಅಂದೆ. ಮಳೆಗಾಲದ ಇಲ್ಲಿಯ ತೇವಕ್ಕೆ, ಮುಚ್ಚಿದ ಕ್ಯಾಬಿನೆಟ್‌ನಲ್ಲಿ ಅದು ಬೂಸು ಹಿಡಿಯುತ್ತದೆ, ಪ್ಲೈವುಡ್ಡೂ ಉಬ್ಬುತ್ತದೆ. ಹಿಂಬದಿ ತೆರೆದೇ ಇರಲಿ. ಈ ಪಂಪಿನ ಆಯಸ್ಸು ಮುಗಿದ ಮೇಲೆ ಡಿಸಿ ಪಂಪು ತರುವುದು ಅಂತ ಮಾತಾಗಿದೆ. ಅದರಲ್ಲಿ ವೇಗವನ್ನೇ ಇಳಿಸಬಹುದು, ರಿಟರ್ನಿಗೆ ಹಾಕಿರುವ ವಾಲ್ವ್ ಆಗ ಬೇಕಾಗುವುದಿಲ್ಲ.